ಸಂಪಾದಕರ ಉತ್ತರ: ಮುದ್ದೆಯ ದೂರದ ನೆಂಟರು

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ನಿಮ್ಮ ‘ವಿಚಿತ್ರ ಊಟಗಳು’ ಮಾಲೆಯಲ್ಲಿ ಐಸ್‌ಲ್ಯಾಂಡಿನವರು ಕೊಳೆಸಿದ ಶಾರ್ಕ್ ತಿನ್ನುವುದನ್ನು ಓದಿ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮುದ್ದೆ, ಬಸ್ಸಾರು ಉಣ್ಣುವ ನಮಗೆ ಈ ಅಸಹ್ಯವೆಲ್ಲ ಏಕೆ? ನಿಲ್ಲಿಸಿಬಿಡಿ.”

ಮಾನ್ಯರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮಾಲೆಯನ್ನು ನಿಲ್ಲಿಸುವುದಿಲ್ಲ. ಆದರೆ ನಮ್ಮ ಕಡೆಯ ಒಂದು ತಪ್ಪು ನನಗೆ ಕಂಡಿತು, ಅದನ್ನು ತಿದ್ದಿಕೊಳ್ಳುತ್ತೇನೆ.

ಗ್ರೀನ್‌ಲ್ಯಾಂಡ್ ಶಾರ್ಕಿನ ಹಸಿ ಮಾಂಸ ವಿಷ. ತಿಂದವರು ಕುಡಿದವರಂತೆ ತೂರಾಡುತ್ತಾರೆ. ಉಪ್ಪಿಗೂ ಸೌದೆಗೂ ಬರವಿದ್ದ ಐಸ್‌ಲ್ಯಾಂಡ್ ದ್ವೀಪದ ಜನ ಅದನ್ನು ಜಲ್ಲಿಯಲ್ಲಿ ಹೂತು, ಮೇಲೆ ಕಲ್ಲು ಹೇರಿ, ವಾರಗಟ್ಟಲೆ ರಸ ಇಳಿಯಲು ಬಿಟ್ಟು, ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿದರು. ವಿಷ ಇಳಿಯಿತು, ಊಟವಾಯಿತು. ನಾವು ಕಳಲೆಗೆ ಮಾಡುವುದೂ ಅದೇ ಅಲ್ಲವೇ? ಎಳೆ ಬಿದಿರನ್ನು ಹೆಚ್ಚಿ ನೆನೆಹಾಕಿ, ದಿನವೂ ನೀರು ಬದಲಿಸಿ, ವಿಷ ಹೋದ ಮೇಲೆ ತಾನೆ ಒಗ್ಗರಣೆ! ನೆನೆದ ಆ ನೀರಿನ ವಾಸನೆ ಹೊಸಬರಿಗೆ ಹಿಡಿಸುವಂಥದ್ದಲ್ಲ.

ಇನ್ನು ನಿಮ್ಮ ತಟ್ಟೆಯ ಮುದ್ದೆ. ರಾಗಿ ಹುಟ್ಟಿದ್ದು ನಮ್ಮ ಹೊಲಗಳಲ್ಲಲ್ಲ. ಪೂರ್ವ ಆಫ್ರಿಕಾದ ಇಥಿಯೋಪಿಯ, ಉಗಾಂಡಗಳ ಎತ್ತರದ ನೆಲದಲ್ಲಿ. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂತು. ಉಗಾಂಡದಲ್ಲಿ ಇವತ್ತಿಗೂ ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಮರದ ಕೋಲಿನಿಂದ ತೊಳಸಿ ‘ಕಾಲೋ’ ಮಾಡುತ್ತಾರೆ. ಹಲವರು ಮರಗೆಣಸಿನ ಹಿಟ್ಟನ್ನೂ ಬೆರೆಸುತ್ತಾರೆ. ಪುಟ್ಟ ಬುಟ್ಟಿಯಲ್ಲಿಟ್ಟು, ಮುರಿದು, ಸಾರಿಗೆ ಅದ್ದಿ ಉಣ್ಣುತ್ತಾರೆ. ಪಾತ್ರೆಯನ್ನು ಅದುಮಿ ಹಿಡಿದು, ಗಂಟಾಗದಂತೆ ಕೋಲು ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟುವ ಮಂಡ್ಯದ ಹೆಂಗಸಿನ ಕೆಲಸವನ್ನು ಉಗಾಂಡದ ಅಜ್ಜಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೈಜೀರಿಯಾದಲ್ಲಂತೂ ಗೆಣಸು, ಮರಗೆಣಸುಗಳ ಇಂಥ ಉಂಡೆಗಳಿಗೆ ‘ಸ್ವಾಲೋ’, ಅಂದರೆ ‘ನುಂಗು’ ಎಂದೇ ಹೆಸರು. ಮುದ್ದೆಯನ್ನು ಅಗಿಯಬೇಡ ಎಂದು ನಮ್ಮ ಅಜ್ಜಿಯರು ಗದರುತ್ತಿದ್ದರಲ್ಲ, ಅದೇ ಪಾಠ!

ಹಿಂದೊಮ್ಮೆ ಮೈಸೂರಿಗೆ ಬಂದಿದ್ದ ಹೊರರಾಜ್ಯದ ಅತಿಥಿಯೊಬ್ಬರಿಗೆ ಮುದ್ದೆ ಬಡಿಸಿದ್ದೆ. ಅಗಿಯಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡು, “ಹಸಿ ಮಣ್ಣಿನಂತಿದೆ” ಎಂದು ತಟ್ಟೆ ಸರಿಸಿದರು. ಆ ನೋವು ಇನ್ನೂ ನನ್ನಲ್ಲಿದೆ. ಐಸ್‌ಲ್ಯಾಂಡಿನ ಓದುಗರೊಬ್ಬರು ನಿಮ್ಮ ಕಾಗದ ನೋಡಿದರೆ ಅವರಿಗೂ ಹಾಗೆಯೇ ಆದೀತು.

ಮತ್ತೊಂದು ಮಾತು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಏಳುವ ಈಸಲು ಹುಳುವನ್ನು ದೀಪವಿಟ್ಟು ಹಿಡಿದು, ಬಾಣಲೆಯಲ್ಲಿ ಹುರಿದು, ಮೊರದಲ್ಲಿ ರೆಕ್ಕೆ ಕೇರಿ, ಉಪ್ಪು ಖಾರ ಬೆರೆಸಿ ತಿನ್ನುವುದು ನಮ್ಮ ಹಳ್ಳಿಗಳಲ್ಲೂ ಇತ್ತು. ಚಿಕ್ಕಂದಿನಲ್ಲಿ ನಾನೂ ತಿಂದಿದ್ದೇನೆ. ಹುರಿಗಡಲೆಯ ಘಮ, ನಾಲಿಗೆಗೆ ಬೆಣ್ಣೆಯಂಥ ಜಿಡ್ಡು. ಪೇಟೆ ಸೇರಿದ ಮೇಲೆ ಅದನ್ನು ಹೇಳಿಕೊಳ್ಳಲು ನಾಚಿದವರೇ ಹೆಚ್ಚು. ಕೀನ್ಯಾ, ಉಗಾಂಡಗಳಲ್ಲಿ ಅದೇ ಬಳಗದ ಹುಳುವನ್ನು ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಾರೆ.

ನಮ್ಮ ತಪ್ಪು ‘ವಿಚಿತ್ರ’ ಎಂಬ ತಲೆಬರಹ. ಓದುವ ಮೊದಲೇ ನಿಮ್ಮ ಮೂಗು ಮುರಿಸಿದ್ದು ಆ ಮಾತೇ. ಮುಂದಿನ ಸಂಚಿಕೆಯಿಂದ ಮಾಲೆಯ ಹೆಸರು ‘ಊರೂರ ಊಟ’. ಮೊದಲ ಕಂತು ಕಾಲೋ ಬಗ್ಗೆ. ನಿಮ್ಮ ಮನೆಯ ಬಸ್ಸಾರಿಗೆ ಯಾವ ಸೊಪ್ಪು, ಯಾವ ಕಾಳು, ಖಾರ ರುಬ್ಬುವುದು ಹೇಗೆ ಎಂದು ಬರೆದು ಕಳುಹಿಸಿ. ಅದೇ ಪುಟದಲ್ಲಿ, ಕಾಲೋ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ, ಮೈಸೂರು