ಥಾಯ್ಲೆಂಡಾ, ಈಜಿಪ್ಟಾ ಅಂತ ಕೇಳುವ ಮೊದಲು ಕೆಲಸ ಕೊಡುವವರನ್ನು ಕೇಳಿ

ಊರು ಕಾಸರಗೋಡಿನ ಬದಿಯಡ್ಕ, ಡಿಗ್ರಿ ಮುಗಿದಿದೆ, ಈಜು ಚೆನ್ನಾಗಿ ಬರುತ್ತದೆ. ಪ್ರೊಫೆಷನಲ್ ಸ್ಕೂಬಾ ಡೈವರ್ ಆಗಲು ಥಾಯ್ಲೆಂಡ್, ಈಜಿಪ್ಟ್, ಆಸ್ಟ್ರೇಲಿಯಾ ಮೂರರಲ್ಲಿ ಎಲ್ಲಿಗೆ ಹೋಗಲಿ, ಆಮೇಲೆ ಗಲ್ಫ್‌ನಲ್ಲಿ ಆಯಿಲ್ ಕಂಪನಿಯ ಕೆಲಸ ಸಿಗುತ್ತದಾ ಅಂತ ಕೇಳಿದ್ದೀರಿ. ಬದಿಯಡ್ಕದ ಬದಲು ಕುಂಬಳೆ ಅಂತ ಹಾಕಿದರೆ ಇದು ನಾನೇ ಕೇಳುತ್ತಿದ್ದ ಪ್ರಶ್ನೆ.

ನಾನು ಮುಳುಗಲು ಕಲಿತದ್ದು ಶಿರಿಯಾ ಹೊಳೆಯಲ್ಲಿ. ಹೊಯ್ಗೆ (ಮರಳು) ತೆಗೆಯುವವರ ದೋಣಿಯಿಂದ ಬಕೆಟ್ ಹಿಡಿದು ಕೆಳಗೆ ಹೋಗುವುದು, ಕೆಸರು ನೀರಿನಲ್ಲಿ ಕಣ್ಣಿಗೆ ಏನೂ ಕಾಣದೆ ಕೈಯಲ್ಲೇ ತಡವಿ ತುಂಬಿಸಿ ಮೇಲೆ ಬರುವುದು. ನಮ್ಮ ಕಡೆ ಇದು ಹೊಸ ವಿಷಯ ಅಲ್ಲ, ನಿಮಗೂ ಗೊತ್ತಿರುತ್ತದೆ. ಮಳೆಗಾಲ ಕಳೆದರೆ ಕಡಲ ಬದಿಯ ಬಂಡೆಗಳಲ್ಲಿ ಪಚ್ಚಿಲೆ (ತಿನ್ನುವ ಚಿಪ್ಪು) ಕೀಳಲು ಹೋಗುತ್ತಿದ್ದೆ. ಅಬುಧಾಬಿಯಲ್ಲಿದ್ದ ಸೋದರಮಾವ ಒಮ್ಮೆ ರಜೆಗೆ ಬಂದಾಗ, ಕಡಲ ನಡುವಿನ ಎಣ್ಣೆ ಪ್ಲಾಟ್‌ಫಾರ್ಮ್‌ಗಳಲ್ಲಿ ಡೈವರ್‌ಗಳಿಗೆ ಎಷ್ಟು ಸಂಬಳ ಅಂತ ಹೇಳಿದರು. ಅಷ್ಟು ಸಾಕಾಯಿತು.

ಫೋನಿನಲ್ಲಿ ಹುಡುಕಿದರೆ ಮೊದಲು ಬಂದದ್ದು ಕೊ ಟಾವೊ. ಥಾಯ್ಲೆಂಡ್ ಕೊಲ್ಲಿಯ ಪುಟ್ಟ ದ್ವೀಪ, 21 ಚದರ ಕಿಲೋಮೀಟರ್ ಅಷ್ಟೇ, ಅದರಲ್ಲಿ ಡೈವಿಂಗ್ ಶಾಲೆಗಳು ಸಾಲುಸಾಲು. ಏನೂ ಗೊತ್ತಿಲ್ಲದವನನ್ನು ಡೈವ್‌ಮಾಸ್ಟರ್, ಅಂದರೆ ನೀರಿನಡಿ ಕರೆದುಕೊಂಡು ಹೋಗುವ ಗೈಡ್, ಮಾಡಿ ಕಳಿಸುವ ಪ್ಯಾಕೇಜ್. ಊಟ ಅಗ್ಗ, ನೀರು ಬೆಚ್ಚಗೆ. ಆ ವರ್ಷ ಮಹಾಳಿ ರೋಗ ಬಂದು ಅಡಿಕೆ ಅರ್ಧಕ್ಕರ್ಧ ಉದುರಿತ್ತು. ಆದರೂ ಅಪ್ಪ ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟರು.

ಕೊ ಟಾವೊದಲ್ಲಿ ಕಲಿಸಿದ್ದು ಚೆನ್ನಾಗಿಯೇ ಇತ್ತು, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಓಪನ್ ವಾಟರ್ ಅನ್ನುವ ಮೊದಲ ಕೋರ್ಸಿನಲ್ಲಿ 18 ಮೀಟರ್ ಆಳ, ಅಡ್ವಾನ್ಸ್ಡ್‌ನಲ್ಲಿ 30, ಆಮೇಲೆ ರೆಸ್ಕ್ಯೂ, ಆಮೇಲೆ ಡೈವ್‌ಮಾಸ್ಟರ್. ಈ ಕೋರ್ಸ್‌ಗಳ ಕಾರ್ಡ್ ಕೊಡುವ ಪಾಡಿ ಸಂಸ್ಥೆಯ ನಿಯಮದ ಪ್ರಕಾರ ಡೈವ್‌ಮಾಸ್ಟರ್ ಆಗಲು ಲಾಗ್‌ಬುಕ್ಕಿನಲ್ಲಿ 60 ಡೈವ್ ಇರಬೇಕು, ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100. ಕಾರ್ಡ್ ಕೈಗೆ ಬಂತು. ಅದನ್ನು ಹಿಡಿದುಕೊಂಡು ವಿಸಿಟ್ ವೀಸಾದಲ್ಲಿ ಸೀದಾ ಮಾವನ ರೂಮಿಗೆ ಹೋದೆ.

ಅಲ್ಲಿ ಒಂದು ಡೈವಿಂಗ್ ಕಂಪನಿಯ ಯಾರ್ಡ್. ಸೂಪರ್‌ವೈಸರ್ ತಿರುವನಂತಪುರದ ಕಡೆಯವರು, ಮೊದಲು ನೇವಿಯಲ್ಲಿ ಡೈವರ್ ಆಗಿದ್ದವರು. ನನ್ನ ಕಾರ್ಡ್ ತಿರುಗಿಸಿ ನೋಡಿ, "ಮೋನೆ (ಮಗನೇ), ಇದು ಟೂರಿಸ್ಟ್‌ಗಳಿಗೆ ಮೀನು ತೋರಿಸುವ ಕಾರ್ಡ್" ಅಂದರು. ಹೀಯಾಳಿಸಿ ಹೇಳಿದ್ದಲ್ಲ, ಬೇಸರದಿಂದಲೇ ಹೇಳಿದರು. ಆಮೇಲೆ ಶೆಡ್ಡಿನ ಒಳಗೆ ಕರೆದುಕೊಂಡು ಹೋದರು. ನೆಲದ ಮೇಲೆ ಅಂಬಿಲಿಕಲ್ ಸುತ್ತಿ ಇಟ್ಟಿತ್ತು. ಉಸಿರಾಟದ ಗಾಳಿಯ ಪೈಪ್, ಮಾತಾಡಲು ವೈರ್, ಡೈವರ್ ಎಷ್ಟು ಆಳದಲ್ಲಿ ಇದ್ದಾನೆ ಅಂತ ಮೇಲಿನವರಿಗೆ ತಿಳಿಸುವ ಸಣ್ಣ ಪೈಪ್, ಎಲ್ಲ ಸೇರಿಸಿ ಹುರಿ ಹಾಕಿದ ದಪ್ಪ ಹಗ್ಗ. ಪಕ್ಕದಲ್ಲಿ ಹೆಲ್ಮೆಟ್. ಎತ್ತಿ ನೋಡು ಅಂದರು. ಸುಮಾರು 14 ಕಿಲೋ ತೂಕ. ಒಳಗೆ ಬಾಯಿಯ ಹತ್ತಿರ ಮೈಕ್, ಕಿವಿಯ ಹತ್ತಿರ ಸ್ಪೀಕರ್, ಬದಿಯಲ್ಲಿ ಮುಖ್ಯ ಗಾಳಿ ನಿಂತರೆ ತಿರುಗಿಸುವ ವಾಲ್ವ್. "ಇದನ್ನು ಹಾಕಿಕೊಂಡು ನೀರಿಗೆ ಇಳಿದಿದ್ದೀಯಾ?" ಇಲ್ಲ. "ಐಎಂಸಿಎ ಒಪ್ಪುವ ಸರ್ಟಿಫಿಕೇಟ್ ಉಂಟಾ?" ಆ ಹೆಸರನ್ನೇ ನಾನು ಮೊದಲ ಸಲ ಕೇಳಿದ್ದು.

ಐಎಂಸಿಎ ಅಂದರೆ ಕಡಲಿನಲ್ಲಿ ಗುತ್ತಿಗೆ ಕೆಲಸ ಮಾಡುವ ಕಂಪನಿಗಳ ಅಂತಾರಾಷ್ಟ್ರೀಯ ಸಂಘ. 1995ರಲ್ಲಿ ಎರಡು ಹಳೆಯ ಸಂಘಗಳು ಸೇರಿ ಆದದ್ದು. ಎಣ್ಣೆ, ಗ್ಯಾಸ್ ಕೆಲಸದಲ್ಲಿ ಡೈವಿಂಗ್ ಹೇಗೆ ನಡೆಯಬೇಕು ಅಂತ ಅವರ ನಿಯಮ ಉಂಟು, ಆ ನಿಯಮದಲ್ಲಿ ಸ್ಕೂಬಾಕ್ಕೆ ಜಾಗವೇ ಇಲ್ಲ. ಕಾರಣ ಸರಳ. ಸ್ಕೂಬಾದಲ್ಲಿ ಗಾಳಿ ನಿಮ್ಮ ಬೆನ್ನಿನ ಸಿಲಿಂಡರ್‌ನಲ್ಲಿ ಇದ್ದಷ್ಟೇ. ಮೇಲಿನವರ ಜೊತೆ ಮಾತಿಲ್ಲ. ನೀವು ಎಲ್ಲಿದ್ದೀರಿ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಲ್ಲಿ ಬೇಕಾದದ್ದು ಸರ್ಫೇಸ್ ಸಪ್ಲೈಡ್, ಅಂದರೆ ಮೇಲಿನಿಂದ ಗಾಳಿ ಬರುವ ಡೈವಿಂಗ್. ಬೆನ್ನಿನ ಸಿಲಿಂಡರ್ ಬರೀ ಆಪತ್ತಿಗೆ. ಒಬ್ಬ ನೀರಿನಲ್ಲಿ ಇದ್ದರೆ ಮೇಲೆ ಸೂಪರ್‌ವೈಸರ್, ಸಹಾಯಕ್ಕೆ ಹಾರಲು ತಯಾರಾಗಿ ಕೂತ ಇನ್ನೊಬ್ಬ ಡೈವರ್, ಇಬ್ಬರ ಅಂಬಿಲಿಕಲ್ ಹಿಡಿಯಲು ಇಬ್ಬರು ಟೆಂಡರ್‌ಗಳು. ಕಡಿಮೆ ಅಂದರೆ 5 ಜನ. ಗಾಳಿ ಉಸಿರಾಡಿ ಹೋಗುವ ಮಿತಿ 50 ಮೀಟರ್, ಅದಕ್ಕಿಂತ ಕೆಳಗಿನದ್ದು ಹೆಚ್ಚಾಗಿ ಸ್ಯಾಚುರೇಷನ್, ಅಂದರೆ ದಿನಗಟ್ಟಲೆ ಒತ್ತಡದ ಕೋಣೆಯಲ್ಲೇ ಇದ್ದು ಮಾಡುವ ಡೈವಿಂಗ್, ಅದು ಬೇರೆಯೇ ಲೋಕ. ನಾನು ಬಸ್ ಲೈಸೆನ್ಸ್ ಹಿಡಿದುಕೊಂಡು ಕ್ರೇನ್ ಓಡಿಸಲು ಹೋದ ಹಾಗೆ ಆಗಿತ್ತು.

ತಪ್ಪು ಎಲ್ಲಿ ಆಯಿತು ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಒಳಗೆ ಅದೇ ತಪ್ಪು ಕೂತಿದೆ. ಥಾಯ್ಲೆಂಡ್‌ಗೆ ಹೋದದ್ದು ತಪ್ಪಲ್ಲ. ಹಣ ಕಟ್ಟುವ ಮೊದಲು ನಾನು ಮಾತಾಡಿದ್ದು ಬರೀ ಕಲಿಸುವವರ ಹತ್ತಿರ, ಕೆಲಸ ಕೊಡುವವರನ್ನು ಒಬ್ಬರನ್ನೂ ಕೇಳಲಿಲ್ಲ, ಅದು ತಪ್ಪು. ಶಾಲೆಯವರಿಗೆ ವಾಟ್ಸಾಪ್ ಮಾಡಿದರೆ ಆ ಕ್ಷಣಕ್ಕೇ ಉತ್ತರ. ಜಗತ್ತಿನಾದ್ಯಂತ ನಡೆಯುತ್ತದಾ ಅಂದರೆ ಹೌದು. ಇದು ಪ್ರೊಫೆಷನಲ್ ಮಟ್ಟವಾ ಅಂದರೆ ಹೌದು. ಎರಡೂ ನಿಜವೇ, ಯಾರೂ ನನಗೆ ಸುಳ್ಳು ಹೇಳಲಿಲ್ಲ. ಟೂರಿಸ್ಟ್‌ಗಳನ್ನು ಕರೆದುಕೊಂಡು ಹೋಗುವ ಕೆಲಸಕ್ಕೆ ಆ ಕಾರ್ಡ್ ಹೆಚ್ಚಿನ ದೇಶಗಳಲ್ಲಿ ನಡೆಯುತ್ತದೆ. "ಎಣ್ಣೆ ಪ್ಲಾಟ್‌ಫಾರ್ಮ್‌ನಲ್ಲಿ ಕೆಲಸ ಸಿಗುತ್ತದಾ" ಅಂತ ನಾನು ಕೇಳಲೇ ಇಲ್ಲ, ಅವರು ಹೇಳಲೂ ಇಲ್ಲ. ಮಾವನನ್ನು ಕೇಳಿದೆ, ಆದರೆ ಅವರು ಕ್ಯಾಂಪಿನ ಸ್ಟೋರಿನಲ್ಲಿ ಇದ್ದವರು, ಡೈವರ್‌ಗಳ ಸಂಬಳ ಗೊತ್ತಿತ್ತು, ಕಾಗದಪತ್ರ ಗೊತ್ತಿರಲಿಲ್ಲ. ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇರುವ ಒಂದು ಡೈವಿಂಗ್ ಗುತ್ತಿಗೆ ಕಂಪನಿಗೆ, "ಹೊಸ ಡೈವರ್‌ನಿಂದ ನೀವು ಯಾವ ಸರ್ಟಿಫಿಕೇಟ್ ಕೇಳುತ್ತೀರಿ?" ಅಂತ ಒಂದು ಸಾಲಿನ ಇಮೇಲ್ ಹಾಕಿದ್ದರೆ ಸಾಕಿತ್ತು. ಅದಕ್ಕೆ ಹಣ ಬೇಡ, ಇಂಗ್ಲಿಷ್ ದೊಡ್ಡದಾಗಿ ಬೇಡ. ನನಗೆ ಹೊಳೆಯಲೇ ಇಲ್ಲ. ಯಾವ ದೇಶ, ಯಾವ ದ್ವೀಪ, ಎಲ್ಲಿ ನೀರು ಚಂದ, ಎಲ್ಲಿ ಅಗ್ಗ ಅಂತ ಹೋಲಿಸುವುದರಲ್ಲೇ ತಿಂಗಳುಗಟ್ಟಲೆ ಹೋಯಿತು. ಆ ಸಾಲದ ಬಡ್ಡಿ ಅಪ್ಪ ಕಟ್ಟುತ್ತಿದ್ದಾಗ ನಾನು ಮಾಲ್ಡೀವ್ಸ್‌ನ ಒಂದು ರಿಸಾರ್ಟಿನಲ್ಲಿ ಸಿಲಿಂಡರ್ ಹೊರುತ್ತಾ, ಗೆಸ್ಟ್‌ಗಳಿಗೆ ಫಿನ್ ಹಾಕಿಸುತ್ತಾ, ಇನ್ನೊಂದು ಕೋರ್ಸಿಗೆ ದುಡ್ಡು ಕೂಡಿಸುತ್ತಿದ್ದೆ. ಆಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಸರಕಾರದ ಕ್ಲಾಸ್ 2 ಸರ್ಟಿಫಿಕೇಟ್ ಮಾಡಿದೆ. ಈಗ ಹಡಗಿನ ತಳ, ಜೆಟ್ಟಿಯ ಕಂಬ, ಪೈಪ್‌ಲೈನ್, ಇದರಲ್ಲೇ ಇದ್ದೇನೆ.

ಹಾಗಾಗಿ ಮೂರು ದೇಶಗಳಲ್ಲಿ ಒಂದನ್ನು ನಾನು ಹೇಳುವುದಿಲ್ಲ. ಮೊದಲು ನಿಮಗೆ ಬೇಕಾದದ್ದು ಯಾವುದು ಅಂತ ನೋಡಿ. ಜನರಿಗೆ ಕಲಿಸುವುದಾ, ನೀರಿನಡಿ ಸ್ಪ್ಯಾನರ್ ಹಿಡಿಯುವುದಾ? ನೀವು ಗಲ್ಫ್, ಆಯಿಲ್ ಅಂತ ಬರೆದಿದ್ದೀರಿ. ಹಾಗಿದ್ದರೆ ಕೊ ಟಾವೊ, ಈಜಿಪ್ಟಿನ ದಹಬ್, ಬಾಲಿ ಎಲ್ಲ ಪಟ್ಟಿಯಿಂದ ತೆಗೆಯಿರಿ. ಅದು ರಜೆಗೆ ಹೋಗುವ ಜಾಗ.

ಆ ದಾರಿಗೆ ಐಎಂಸಿಎ ಒಪ್ಪುವ ಸರ್ಟಿಫಿಕೇಟ್‌ಗಳ ಪಟ್ಟಿ ಅವರದ್ದೇ ಸೈಟಿನಲ್ಲಿ ಸಿಗುತ್ತದೆ. ಬ್ರಿಟನ್ನಿನ ಎಚ್‌ಎಸ್‌ಇ ಸರ್ಫೇಸ್ ಸಪ್ಲೈಡ್ (ಆಫ್‌ಶೋರ್ ಟಾಪ್-ಅಪ್ ಸಹಿತ), ಆಸ್ಟ್ರೇಲಿಯಾದ ಎಡಿಎಎಸ್ ಪಾರ್ಟ್ 3, ಕೆನಡಾದ ಡಿಸಿಬಿಸಿ ಅನ್‌ರಿಸ್ಟ್ರಿಕ್ಟೆಡ್, ದಕ್ಷಿಣ ಆಫ್ರಿಕಾದ ಕ್ಲಾಸ್ 2, ಇವು ನಮ್ಮವರು ಜಾಸ್ತಿ ವಿಚಾರಿಸುವವು. ಅಮೆರಿಕದ ಶಾಲೆಗಳು ಎಡಿಸಿಐ ಅನ್ನುವ ಡೈವಿಂಗ್ ಕಂಪನಿಗಳ ಸಂಘದ ನಿಯಮದಲ್ಲಿ ಕನಿಷ್ಠ 625 ಗಂಟೆ ಕಲಿಸುತ್ತವೆ, ಕಲಿಕೆ ಗಟ್ಟಿ, ಆದರೆ ಅದು ಬೇರೆಯೇ ಕಾರ್ಡ್. ಗಲ್ಫ್‌ಗೆ ಅಂತ ಅಲ್ಲಿಗೆ ಹೋಗುವ ಮೊದಲು ಕಂಪನಿಯನ್ನು ಕೇಳಿ. ನನ್ನ ಮಟ್ಟಿಗೆ ಸಾಲ ಮಾಡಿ ಹೋಗುವವನಿಗೆ ದಕ್ಷಿಣ ಆಫ್ರಿಕಾವೇ ಸರಿ. ಆಸ್ಟ್ರೇಲಿಯಾ, ಬ್ರಿಟನ್ ಚೆನ್ನಾಗಿವೆ, ಆದರೆ ಅಲ್ಲಿ ಇರುವ ಖರ್ಚಿಗೇ ಇನ್ನೊಂದು ತೋಟ ಬೇಕು.

ಇನ್ನೊಂದು ಮಾತು, ಇದನ್ನು ಯಾವ ಶಾಲೆಯೂ ಒತ್ತಿ ಹೇಳುವುದಿಲ್ಲ. ಡೈವಿಂಗ್ ಗೊತ್ತಿದ್ದ ಮಾತ್ರಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ನೀರಿನಡಿ ಹೋಗಿ ಎಂತ ಮಾಡುತ್ತೀರಿ ಅನ್ನುವುದಕ್ಕೆ ಸಂಬಳ. ಬೋಲ್ಟ್ ಬಿಗಿಯುವುದು, ಫ್ಲ್ಯಾಂಜ್ ಜೋಡಿಸುವುದು, ಕತ್ತರಿಸುವುದು, ಲಿಫ್ಟ್ ಬ್ಯಾಗ್ ಕಟ್ಟಿ ಭಾರ ಎತ್ತುವುದು, ಬಿರುಕು ಬಿಟ್ಟಿದೆಯಾ ಅಂತ ಪರೀಕ್ಷಿಸುವುದು. ಐಟಿಐಯಲ್ಲಿ ಫಿಟ್ಟರೋ ವೆಲ್ಡರೋ ಮಾಡಿ ಬಂದ ಹುಡುಗರು ಶಾಲೆಯಲ್ಲಿ ನನ್ನಂಥವರಿಗಿಂತ ಎಷ್ಟೋ ಮುಂದೆ ಇದ್ದರು. ನನ್ನ ಕೈಯಲ್ಲಿ ಇದ್ದದ್ದು ಹೊಳೆಯ ಅಭ್ಯಾಸ ಒಂದೇ. ಬಂದರಿನ ನೀರಿನಲ್ಲಿ ನಿಮ್ಮ ಗ್ಲೌಸ್ ನಿಮಗೇ ಕಾಣುವುದಿಲ್ಲ, ಎಲ್ಲವನ್ನೂ ಮುಟ್ಟಿಯೇ ತಿಳಿಯಬೇಕು, ಅಲ್ಲಿ ಆ ಅಭ್ಯಾಸ ನನ್ನನ್ನು ಕಾಪಾಡಿತು. ಸರ್ಟಿಫಿಕೇಟ್ ಬಂದ ಮೇಲೂ ಮೊದಲು ಟೆಂಡರ್ ಕೆಲಸವೇ, ಬಿಸಿಲಿನಲ್ಲಿ ನಿಂತು ಇನ್ನೊಬ್ಬರ ಅಂಬಿಲಿಕಲ್ ಎಳೆಯುವುದು, ಬಿಡುವುದು. ಅದನ್ನು ಕೀಳು ಕೆಲಸ ಅಂತ ತಿಳಿಯಬೇಡಿ. ಕೆಳಗಿರುವವನ ಉಸಿರು ನಿಮ್ಮ ಕೈಯಲ್ಲಿ ಇರುತ್ತದೆ.

ಇಲ್ಲ, ನನಗೆ ಹವಳ, ಮೀನು, ಜನರ ಜೊತೆ ಇರುವುದೇ ಇಷ್ಟ ಅಂತಾದರೆ ಅದೂ ಗೌರವದ ಕೆಲಸ. ಆದರೆ ಅದಕ್ಕೆ ವಿದೇಶ ಯಾಕೆ? ಪಾಡಿ ಆಗಲಿ ಅಂಥದ್ದೇ ಇನ್ನೊಂದು ಸಂಸ್ಥೆ ಎಸ್‌ಎಸ್‌ಐ ಆಗಲಿ, ಅಂಡಮಾನಿನಲ್ಲಿ ಮಾಡಿದ ಕಾರ್ಡಿಗೂ ಥಾಯ್ಲೆಂಡಿನಲ್ಲಿ ಮಾಡಿದ ಕಾರ್ಡಿಗೂ ವ್ಯತ್ಯಾಸ ಇಲ್ಲ. ಡೈವ್‌ಮಾಸ್ಟರ್ ತನಕ ಇಲ್ಲೇ ಮಾಡಿ. ಆಮೇಲೆ ಅಲೆ, ಸೆಳೆತ ಇರುವ ನೀರು ಬೇಕು ಅಂದರೆ ಇಂಡೋನೇಷ್ಯಾಕ್ಕೆ ಹೋಗಿ. ಕೆಂಪು ಸಮುದ್ರ ಚಂದವೇ, ಚಳಿಗಾಲದಲ್ಲಿ ನೀರು ತಣ್ಣಗೆ, ದಪ್ಪ ಸೂಟ್ ಬೇಕು. ಟೂರಿಸ್ಟ್ ವೀಸಾದಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ, ಹಾಗಾಗಿ "ಇಲ್ಲೇ ಕಲಿತು ಇಲ್ಲೇ ಕೆಲಸ" ಅಂದವರಿಗೆ ವರ್ಕ್ ಪರ್ಮಿಟ್ ಯಾರು ಮಾಡಿಕೊಡುತ್ತಾರೆ ಅಂತ ಕೇಳಿ. ಈ ಕೆಲಸದಲ್ಲಿ ನಮ್ಮ ಕಾಸರಗೋಡಿನವರಿಗೆ ಒಂದು ಬಲ ಉಂಟು. ಸಪ್ತಭಾಷೆಯ ನಾಡು ಅಂತ ಸುಮ್ನೆ ಹೇಳುವುದಲ್ಲ. ಕನ್ನಡ, ತುಳು, ಮಲಯಾಳಂ ಹುಟ್ಟಿನಿಂದಲೇ ಬರುತ್ತದೆ, ಹಿಂದಿ, ಇಂಗ್ಲಿಷ್ ಶಾಲೆಯಲ್ಲಿ ಬಂತು. ಮಾಲ್ಡೀವ್ಸ್‌ಗೆ ಬೆಂಗಳೂರಿನ ಒಂದು ಕುಟುಂಬ ಬಂದು, ಆ ಅಮ್ಮನಿಗೆ ನೀರಿನ ಹೆದರಿಕೆ, ರಷ್ಯಾದ ಇನ್‌ಸ್ಟ್ರಕ್ಟರ್ ಎಷ್ಟು ಹೇಳಿದರೂ ಮುಖ ಮುಳುಗಿಸಲಿಲ್ಲ. ನಾನು ಕನ್ನಡದಲ್ಲಿ ನಿಧಾನಕ್ಕೆ, "ಅಮ್ಮಾ, ಮೂಗಿನಲ್ಲಿ ಎಳೆಯಬೇಡಿ, ಬಾಯಿಯಲ್ಲೇ ಉಸಿರು ತೆಗೆಯಿರಿ, ನಾನು ಕೈ ಬಿಡುವುದಿಲ್ಲ" ಅಂದೆ. ಸ್ವಲ್ಪ ಹೊತ್ತಿಗೆ ಅವರು ನನ್ನ ಕೈ ಹಿಡಿದು ಮೀನು ನೋಡುತ್ತಿದ್ದರು. ಆ ದಿನದಿಂದ ಭಾರತದ ಗೆಸ್ಟ್‌ಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು.

ಎರಡರಲ್ಲಿ ಯಾವುದೇ ಆಗಲಿ, ಹಣ ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ. ಕಿವಿಯ ತಮಟೆ, ಶ್ವಾಸಕೋಶ, ಹೃದಯ. ಚಿಕ್ಕಂದಿನಲ್ಲಿ ದಮ್ಮು ಇತ್ತಾ, ಫಿಟ್ಸ್ ಬಂದಿತ್ತಾ ಎಲ್ಲ ಬಿಚ್ಚಿ ಹೇಳಿ, ಮುಚ್ಚಿಟ್ಟರೆ ನೀರಿನಡಿ ಗೊತ್ತಾಗುತ್ತದೆ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟು. ಕಮರ್ಷಿಯಲ್ ಡೈವರ್‌ಗೆ ಈ ಮೆಡಿಕಲ್ ವರ್ಷವರ್ಷವೂ ಬೇಕು. ನನ್ನ ಬ್ಯಾಚಿನಲ್ಲಿ ಒಬ್ಬ ಪೂರ್ತಿ ಫೀಸು ಕಟ್ಟಿ ಬಂದ ಮೇಲೆ ಕಿವಿಯ ಪರೀಕ್ಷೆಯಲ್ಲಿ ಬಿದ್ದು ವಾಪಸ್ ಹೋದ.

ನೇತ್ರಾಣಿ ದ್ವೀಪಕ್ಕೆ ಹೋಗಿದ್ದೀರಾ? ಮಂಗಳೂರಿಗೆ ಹೋಗಿ ಕೊಂಕಣ ರೈಲು ಹತ್ತಿದರೆ ಮುರ್ಡೇಶ್ವರ, ಅಲ್ಲಿಂದ ದೋಣಿ. ಮಳೆಗಾಲದಲ್ಲಿ ಇಲ್ಲ, ಅಕ್ಟೋಬರ್ ಕಳೆದ ಮೇಲೆ ಹೋಗಿ. ಒಂದು ದಿನದ ಡೈವ್ ಅಲ್ಲ, ಓಪನ್ ವಾಟರ್ ಕೋರ್ಸನ್ನೇ ಮಾಡಿ. ಕಿವಿ ಒಗ್ಗುತ್ತದಾ, ದೋಣಿಯಲ್ಲಿ ವಾಂತಿ ಬರುತ್ತದಾ, ಮಾಸ್ಕ್ ಒಳಗೆ ನೀರು ಬಂದರೆ ಗಾಬರಿ ಆಗುತ್ತದಾ ಅಂತ ಅಲ್ಲಿಯೇ ಗೊತ್ತಾಗುತ್ತದೆ, ಅದನ್ನು ತಿಳಿಯಲು ಪಾಸ್‌ಪೋರ್ಟ್ ಬೇಡ. ಅಷ್ಟರೊಳಗೆ ನಾನು ಹೇಳಿದ ಆ ಒಂದು ಸಾಲಿನ ಇಮೇಲನ್ನು ಎರಡು ಮೂರು ಕಂಪನಿಗಳಿಗೆ ಹಾಕಿ. ಉತ್ತರ ಬಂದರೆ ಇಲ್ಲೇ ಕೆಳಗೆ ಬರೆಯಿರಿ, ಅವರು ಕೇಳಿದ ಸರ್ಟಿಫಿಕೇಟ್‌ನ ಹೆಸರು ಅಕ್ಷರಕ್ಷರ ಹಾಕಿ. ಯಾವ ಶಾಲೆ ಅದನ್ನು ನಿಜವಾಗಿ ಕೊಡುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡಿ ಮಾರಾಯ್ರೆ.