ಬಿದ್ದು ಆಪರೇಷನ್ ಆದ ಅಮ್ಮನಿಗೆ ಹೋಮ್ ನರ್ಸೋ, ವೃದ್ಧಾಶ್ರಮವೋ, ಬೆಂಗಳೂರೋ?

ಬ್ರಹ್ಮಾವರದ ಹತ್ತಿರ ಅಮ್ಮ ಒಬ್ಬರೇ ಇದ್ದಾರೆ, 78 ವರ್ಷ, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ಮುಂದಿನ ವಾರ ಡಿಸ್ಚಾರ್ಜ್ ಅಂತ ಬರೆದಿದ್ದೀರಿ. ಹೋಮ್ ನರ್ಸ್ ಇಡುವುದಾ, ಆಶ್ರಮಕ್ಕೆ ಸೇರಿಸುವುದಾ, ಬೆಂಗಳೂರಿನ ನಿಮ್ಮ ಫ್ಲ್ಯಾಟಿಗೆ ಕರೆದುಕೊಂಡು ಹೋಗುವುದಾ ಎಂಬುದು ನಿಮ್ಮ ಪ್ರಶ್ನೆ.

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಇಂಥವರ ಮನೆಗಳಿಗೇ ಹೋಗುತ್ತೇನೆ. ನನ್ನ ಮೊದಲ ಮಾತು: ಕಾಯಂ ತೀರ್ಮಾನ ಈಗಲೇ ಬೇಡ. ಈ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆದರೆ ಚೇತರಿಕೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲು ಇಬ್ಬರು ಹಿಡಿದು ಎಬ್ಬಿಸಬೇಕಾಗಿದ್ದವರು ಆಮೇಲೆ ತಾವೇ ಎದ್ದು ಹೋಗುವುದನ್ನು ನೋಡಿದ್ದೇನೆ. ಎಲ್ಲರಿಗೂ ಹಾಗಾಗುವುದಿಲ್ಲ, ನಿಜ. ಅದಕ್ಕೇ ಸ್ವಲ್ಪ ಕಾದು ನೋಡಿ.

ಎರಡನೆಯದು, ಎಲ್ಲಿ ಇಡುವುದು ಅನ್ನುವ ಮೊದಲು ರಾತ್ರಿಯ ಲೆಕ್ಕ ಹಾಕಿ. ಹಗಲು ಹೇಗೋ ನಡೆಯುತ್ತದೆ, ಪಕ್ಕದ ಮನೆಯವರಾದರೂ ಬಂದು ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎಬ್ಬಿಸುವವರು ಯಾರು? ಅಮ್ಮ ಎಷ್ಟು ಸಲ ಏಳುತ್ತಾರೆ, ಒಬ್ಬರ ಕೈ ಸಾಕಾ, ಇಬ್ಬರು ಬೇಕಾ? ಆಸ್ಪತ್ರೆಯಲ್ಲೇ ಎರಡು ರಾತ್ರಿ ಜೊತೆಗಿದ್ದು ನೋಡಿ. ಒಂದು ಸಲ ಏಳುವವರಿಗೆ ಮನೆಯಲ್ಲಿ ಒಬ್ಬ ಹೋಮ್ ನರ್ಸ್ ಸಾಕು. ನಾಲ್ಕೈದು ಸಲ ಏಳುವವರಿಗೆ ಸಾಲದು. 24 ಗಂಟೆ ಅಂತ ಒಪ್ಪಿಕೊಂಡು ಬಂದವಳಿಗೂ ನಿದ್ದೆ ಬೇಕಲ್ವಾ?

ಹೋಮ್ ನರ್ಸ್ ಎಂದ ಮಾತ್ರಕ್ಕೆ ನರ್ಸಿಂಗ್ ಓದಿದವರು ಅಂತ ತಿಳಿಯಬೇಡಿ. ಹೆಚ್ಚಿನವರು ಓದಿರುವುದಿಲ್ಲ. ಮಂಚದಿಂದ ಕುರ್ಚಿಗೆ ಕೂರಿಸುವುದನ್ನು ನಿಮ್ಮೆದುರೇ ಮಾಡಿಸಿ. ಕಂಕುಳಿಗೆ ಕೈ ಹಾಕಿ ಎಳೆದರೆ ಕಲಿಸಬೇಕು, ಒಂದೆರಡು ದಿನದಲ್ಲಿ ಕಲಿಯುತ್ತಾರೆ. ಅವರು ಹಬ್ಬಕ್ಕೆ ಊರಿಗೆ ಹೋದಾಗ ಬದಲಿ ಯಾರು ಅಂತ ಏಜೆನ್ಸಿಯವರಿಂದ ಬರೆಸಿಕೊಳ್ಳಿ.

ನಮ್ಮ ಕಡೆಯ ಹಳೇ ಮನೆಗಳದ್ದು ಬೇರೆಯೇ ಕಷ್ಟ. ಎತ್ತರದ ಹೊಸ್ತಿಲು, ಜಗಲಿಯ ಮೆಟ್ಟಿಲು, ಹಿಂದುಗಡೆ ಬಚ್ಚಲು, ಮಳೆಗಾಲದಲ್ಲಿ ಅಂಗಳದ ತುಂಬಾ ಪಾಚಿ. ಮಂಚ ಇರುವ ಕೋಣೆಗೇ ಕಮೋಡ್ ಕುರ್ಚಿ ತನ್ನಿ. ಗೋಡೆಗೆ ಹಿಡಿ ಹಾಕಿಸಿ. ಜೂನ್‌ನಲ್ಲಿ ಆಂಬುಲೆನ್ಸ್ ಅಂಗಳದವರೆಗೆ ಬರುತ್ತದಾ ನೋಡಿ. ಬರದಿದ್ದರೆ ಮಳೆಗಾಲದ ಮಟ್ಟಿಗೆ ಉಡುಪಿಯಲ್ಲಿ ಕೆಳಮಹಡಿಯ ಬಾಡಿಗೆ ಮನೆಯೂ ಒಳ್ಳೆಯ ದಾರಿ. ಇದು ಯಾಕೋ ಯಾರಿಗೂ ಹೊಳೆಯುವುದಿಲ್ಲ.

ಆಶ್ರಮ ಅಂದರೆ ಕೈಬಿಟ್ಟ ಹಾಗೆ ಅಂತ ನೆಂಟರು ಹೇಳಬಹುದು. ನಾನು ಒಪ್ಪುವುದಿಲ್ಲ. ರಾತ್ರಿ ಎಚ್ಚರ ಇರುವ ಜನ ಇದ್ದರೆ ಅದು ಒಂಟಿ ಮನೆಗಿಂತ ಮೇಲು. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ತೋಟ ನೋಡಿ ಬರಬೇಡಿ. ಸಂಜೆ ಊಟದ ಹೊತ್ತಿಗೆ ಹೋಗಿ. ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ ಕೇಳಿ. ಮಲಗಿದಲ್ಲೇ ಇರುವವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತೀರಿ ಅಂತಲೂ ಕೇಳಿ. ಎರಡು ಗಂಟೆಗೊಮ್ಮೆ ಅನ್ನುವ ಉತ್ತರ ತಟ್ಟನೆ ಬರಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೆಲವು ಕಡೆ ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮುಂದೆ ಹಾಸಿಗೆ ಹಿಡಿದರೆ ಏನು ಮಾಡುತ್ತಾರೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಬೆಂಗಳೂರು ನನಗೆ ಕೊನೆಯ ಆಯ್ಕೆ. ನೀವಿಬ್ಬರೂ ಕೆಲಸಕ್ಕೆ ಹೋದರೆ ಅಲ್ಲೂ ಹೋಮ್ ನರ್ಸೇ ಗತಿ, ತುಳುವಿನಲ್ಲಿ ಮಾತಾಡಲು ಒಬ್ಬರೂ ಇರುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರಾದರೆ ಮಾತು ಬೇರೆ.

ಖರ್ಚಿಗಾಗಿ ಜಾಗ ಯಾರದಾದರೂ ಹೆಸರಿಗೆ ಬರೆದುಕೊಡುವ ಮಾತು ಬಂದರೆ, ಅಮ್ಮನನ್ನು ನೋಡಿಕೊಳ್ಳುವ ಷರತ್ತು ಪತ್ರದಲ್ಲೇ ಇರಲಿ. ಹಾಗೆ ಬರೆದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳದಿದ್ದಾಗ ಅದನ್ನು ರದ್ದು ಮಾಡಿಸಲು ಕೇಳಬಹುದು. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಿ ವಿಚಾರಿಸಿ.

ಇಷ್ಟೆಲ್ಲ ಬರೆದಿದ್ದೀರಿ, ಅಮ್ಮ ಏನು ಹೇಳುತ್ತಾರೆ ಅಂತ ಮಾತ್ರ ಬರೆದಿಲ್ಲ. ದಯವಿಟ್ಟು ಅವರನ್ನು ಕೇಳಿ. ಮನೆ ರಸ್ತೆಯಿಂದ ಎಷ್ಟು ಒಳಗಿದೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಅನ್ನುವುದನ್ನೂ ಇಲ್ಲೇ ತಿಳಿಸಿ, ಇನ್ನಷ್ಟು ಹೇಳುತ್ತೇನೆ.