ಒಪ್ಪಂದಕ್ಕೆ ಸಹಿ ಬಿದ್ದಿದೆ, ಜರ್ನಲ್ ಯಾಕೆ ತೆರೆಯುತ್ತಿಲ್ಲ?

ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳು ಮತ್ತು ಗ್ರಂಥಾಲಯ ಸಹಯೋಗದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿವು. ಉತ್ತರಿಸಿರುವವರು ವಿಶ್ವವಿದ್ಯಾಲಯ ಗ್ರಂಥಾಲಯವೊಂದರಲ್ಲಿ ಇ-ಸಂಪನ್ಮೂಲ ಮತ್ತು ಲೈಸೆನ್ಸ್ ವಿಭಾಗ ನೋಡಿಕೊಳ್ಳುವ ಗ್ರಂಥಪಾಲಕರು.

ಪ್ರಶ್ನೆ: ನಮ್ಮ ವಿಭಾಗ ಬೇರೆ ದೇಶದ ವಿಶ್ವವಿದ್ಯಾಲಯದ ಜೊತೆ ಸೇರಿ ಆನ್‌ಲೈನ್ ಕೋರ್ಸ್ ನಡೆಸುತ್ತಿದೆ. ಎರಡೂ ಕಡೆಯ ಕುಲಪತಿಗಳು ಸಹಿ ಹಾಕಿದ ಒಪ್ಪಂದದಲ್ಲಿ ‘ಗ್ರಂಥಾಲಯ ಸೌಲಭ್ಯಗಳನ್ನು ಹಂಚಿಕೊಳ್ಳಲಾಗುವುದು’ ಎಂದು ಸ್ಪಷ್ಟವಾಗಿ ಬರೆದಿದೆ. ಆದರೂ ಅವರ ಜರ್ನಲ್‌ಗಳು, ಇ-ಪುಸ್ತಕಗಳು ನಮ್ಮ ವಿದ್ಯಾರ್ಥಿಗಳಿಗೆ ತೆರೆಯುತ್ತಿಲ್ಲ. ಅಲ್ಲಿನ ಪ್ರಾಧ್ಯಾಪಕರೊಬ್ಬರು ತಮ್ಮ ಲಾಗಿನ್ ಕೊಡಲು ಒಪ್ಪಿದ್ದಾರೆ. ಬಳಸಬಹುದೇ?

ಉತ್ತರ: ಬಳಸಬೇಡಿ. ಪ್ರತಿ ಸೆಮಿಸ್ಟರ್‌ನ ಮೊದಲ ವಾರ ಇದೇ ಪ್ರಶ್ನೆ ನನ್ನ ಮೇಜಿಗೆ ಬರುತ್ತದೆ. ಬರಬೇಕಾಗಿದ್ದು ಒಪ್ಪಂದದ ಕರಡು ಬರೆಯುವಾಗ. ಕರಡನ್ನು ವಕೀಲರು ನೋಡುತ್ತಾರೆ, ಹಣಕಾಸು ಅಧಿಕಾರಿ ನೋಡುತ್ತಾರೆ, ಗ್ರಂಥಪಾಲಕರಿಗೆ ಮಾತ್ರ ಯಾರೂ ತೋರಿಸುವುದಿಲ್ಲ. ಕೊನೆಗೆ ಕೈಯಲ್ಲಿ ಓದುಪಟ್ಟಿ ಹಿಡಿದುಕೊಂಡು ಪೇಚಾಡುವವರು ವಿದ್ಯಾರ್ಥಿಗಳು.

ಆ ಜರ್ನಲ್‌ಗಳು ನಿಮ್ಮ ಜೊತೆಗಾರ ವಿಶ್ವವಿದ್ಯಾಲಯದ ಸ್ವತ್ತಲ್ಲ. ಪ್ರಕಾಶಕರ ಜೊತೆ ಲೈಸೆನ್ಸ್ ಮಾಡಿಕೊಂಡು, ವರ್ಷವರ್ಷ ಚಂದಾ ಕಟ್ಟಿ, ಓದುವ ಅನುಮತಿ ಪಡೆದಿದ್ದಾರೆ, ಅಷ್ಟೆ. ಅನುಮತಿ ಯಾರಿಗೆ ಎಂಬುದು ಲೈಸೆನ್ಸಿನ ‘ಅಧಿಕೃತ ಬಳಕೆದಾರರು’ ಎಂಬ ಕಲಮಿನಲ್ಲಿರುತ್ತದೆ: ದಾಖಲಾದ ವಿದ್ಯಾರ್ಥಿಗಳು, ಬೋಧಕರು ಮತ್ತು ಸಿಬ್ಬಂದಿ, ಹೆಚ್ಚೆಂದರೆ ಗ್ರಂಥಾಲಯದೊಳಗೆ ಬಂದು ಕೂತು ಓದುವ ಹೊರಗಿನವರು. ಸಹಯೋಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆ ಕಲಮಿನಲ್ಲಿ ಇರುವುದಿಲ್ಲ. ಬಾಡಿಗೆದಾರ ತನ್ನ ನೆಂಟನಿಗೆ ಮನೆಯ ಕೋಣೆಯೊಂದನ್ನು ಬರೆದುಕೊಟ್ಟರೆ ಮನೆಯ ಯಜಮಾನ ಒಪ್ಪುತ್ತಾನೆಯೇ? ಕುಲಪತಿಗಳ ಸಹಿ ಪ್ರಕಾಶಕರನ್ನು ಕಟ್ಟಿಹಾಕುವುದಿಲ್ಲ.

ಇನ್ನು ಲಾಗಿನ್ ವಿಷಯ. ಕ್ಯಾಂಪಸ್ಸಿನ ಹೊರಗಿರುವವರನ್ನು ಗ್ರಂಥಾಲಯದ ಮೂಲಕ ಪ್ರಕಾಶಕರ ತಾಣಕ್ಕೆ ಒಯ್ಯುವ ಪ್ರಾಕ್ಸಿ ಸರ್ವರ್‌ನ ದಾಖಲೆ ತೆಗೆದರೆ ಅದು ಹೀಗೆ ಕಾಣುತ್ತದೆ: ಪ್ರಾಧ್ಯಾಪಕರ ಹೆಸರಿನಲ್ಲಿ 9.10ಕ್ಕೆ ಒಂದು ದೇಶದಿಂದ ಪ್ರವೇಶ, 9.25ಕ್ಕೆ ಅದೇ ಹೆಸರಿನಲ್ಲಿ ಇನ್ನೊಂದು ದೇಶದಿಂದ, ಆಮೇಲೆ ಒಂದೇ ಜರ್ನಲಿನ ಸಂಚಿಕೆಗಳು ಒಂದರ ಹಿಂದೊಂದು ಸಾಲಾಗಿ ಡೌನ್‌ಲೋಡ್. ಪ್ರಕಾಶಕರ ವ್ಯವಸ್ಥೆಗೆ ಇದು ಕಳ್ಳತನದಂತೆಯೇ ಕಾಣುತ್ತದೆ, ಅವರು ಪ್ರಾಕ್ಸಿಯ ಐಪಿ ವಿಳಾಸವನ್ನೇ ಬಂದ್ ಮಾಡುತ್ತಾರೆ. ಆ ಒಂದು ವಿಳಾಸದ ಹಿಂದೆ ಕ್ಯಾಂಪಸ್ಸಿನ ಹೊರಗಿನಿಂದ ಓದುವ ಎಲ್ಲರೂ ಇದ್ದಾರೆ. ಯಾರದೋ ಉಪಕಾರಬುದ್ಧಿಗೆ, ನಾಳೆ ಪ್ರಬಂಧ ಒಪ್ಪಿಸಬೇಕಾದ ಸಂಶೋಧನಾ ವಿದ್ಯಾರ್ಥಿನಿಯ ಪರದೆಯಲ್ಲೂ ‘ಪ್ರವೇಶವಿಲ್ಲ’ ಎಂದು ಬರುತ್ತದೆ. ಮತ್ತೆ ತೆರೆಸಲು ಪತ್ರ ಬರೆದು, ಕಾರಣ ವಿವರಿಸಿ, ಕಾಯಬೇಕಾದವರು ನಾವು. ಇದನ್ನು ನೋಡಿಯೇ ನಾನು ಈ ವಿಷಯದಲ್ಲಿ ಯಾರ ಮುಲಾಜಿಗೂ ಒಳಗಾಗುವುದಿಲ್ಲ.

‘ನಾವಿಬ್ಬರೂ ಎಡುಗೇನ್‌ನಲ್ಲಿದ್ದೇವೆ, ಹಾಗಾದರೆ ತೆರೆಯಬೇಕಲ್ಲ’ ಎಂದು ಕೆಲವರು ವಾದಿಸುತ್ತಾರೆ. 2011ರಲ್ಲಿ ಶುರುವಾದ ಎಡುಗೇನ್, ಬೇರೆ ಬೇರೆ ದೇಶಗಳ ಲಾಗಿನ್ ಒಕ್ಕೂಟಗಳನ್ನು ಒಂದಕ್ಕೊಂದು ಬೆಸೆಯುವ ವ್ಯವಸ್ಥೆ. ನೀವು ಯಾರು, ಯಾವ ಸಂಸ್ಥೆಯವರು ಎಂದು ಅದು ಸಾಕ್ಷಿ ಹೇಳುತ್ತದೆ. ನಿಮಗೆ ಓದುವ ಹಕ್ಕಿದೆಯೇ ಎಂದು ಹೇಳುವುದು ಲೈಸೆನ್ಸ್. ಎಡುರೋಮ್ ಅಂತೂ ಬೇರೆ ಕ್ಯಾಂಪಸ್ಸಿಗೆ ಹೋದಾಗಲೂ ನಿಮ್ಮದೇ ಲಾಗಿನ್‌ನಲ್ಲಿ ಸಿಗುವ ವೈಫೈ ಸಂಪರ್ಕ ಮಾತ್ರ.

ಏನು ಮಾಡಬೇಕು? ಮೊದಲು ಕೋರ್ಸ್ ಯಾವ ಬಗೆಯದೆಂದು ನೋಡಿ. ಜಂಟಿ ಪದವಿಯಾದರೆ, ಪ್ರತಿ ವಿದ್ಯಾರ್ಥಿಯೂ ಎರಡೂ ಕಡೆ ದಾಖಲಾಗುವಂತೆ ಒಪ್ಪಂದದಲ್ಲೇ ಬರೆಯಿಸಿ: ನೋಂದಣಿ ಸಂಖ್ಯೆ, ಸ್ವಂತ ಲಾಗಿನ್, ಶುರುವಾಗುವ ಮತ್ತು ಮುಗಿಯುವ ದಿನಾಂಕ. ಆಗ ಅವರು ಎರಡೂ ಗ್ರಂಥಾಲಯಗಳ ಅಧಿಕೃತ ಬಳಕೆದಾರರಾಗಬಹುದು. ‘ಆಗಬಹುದು’ ಎನ್ನುತ್ತಿದ್ದೇನೆ, ಏಕೆಂದರೆ ಕೆಲವು ಲೈಸೆನ್ಸ್‌ಗಳು ಹೊರದೇಶದ ಕ್ಯಾಂಪಸ್ಸನ್ನು ಬಿಟ್ಟೇ ಬರೆದಿರುತ್ತವೆ, ಇನ್ನು ಕೆಲವು ವಿದ್ಯಾರ್ಥಿಗಳ ತಲೆ ಎಣಿಸಿ ಚಂದಾ ಏರಿಸುತ್ತವೆ. ಆ ಹೆಚ್ಚುವರಿ ಹಣ ಯಾರು ಕೊಡಬೇಕೆಂಬುದೂ ಒಪ್ಪಂದದಲ್ಲಿರಲಿ.

ಎರಡು ತರಗತಿಗಳನ್ನು ಕೆಲವು ವಾರ ಮಾತ್ರ ಬೆಸೆದು ಪಾಠ ಮಾಡುವ ಕೋರ್ಸುಗಳ ಕಥೆ ಬೇರೆ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಇದಕ್ಕೆಂದೇ 2006ರಲ್ಲಿ ‘ಕೋಯಿಲ್’ ಕೇಂದ್ರ ತೆರೆಯಿತು, ಈಗ ಹಲವು ದೇಶಗಳಲ್ಲಿ ಆ ಮಾದರಿ ನಡೆಯುತ್ತಿದೆ. ಇಲ್ಲಿ ವಿದ್ಯಾರ್ಥಿ ತನ್ನ ಮೂಲ ಸಂಸ್ಥೆಯಲ್ಲೇ ದಾಖಲಾಗಿರುತ್ತಾನೆ, ಹಾಗಾಗಿ ಓದುವ ಹಕ್ಕೂ ಅಲ್ಲಿಯದೇ. ಎರಡೂ ಕಡೆ ಸಿಗುವುದನ್ನಷ್ಟೇ ಓದುಪಟ್ಟಿಗೆ ಹಾಕಬೇಕು. ಅದಕ್ಕಾಗಿ ಇಬ್ಬರು ಗ್ರಂಥಪಾಲಕರು ಕೂತು ಪಟ್ಟಿಯನ್ನು ಸಾಲುಸಾಲಾಗಿ ನೋಡಲೇಬೇಕು, ಅಡ್ಡದಾರಿಯಿಲ್ಲ.

ಹಾಗೆ ನೋಡುವಾಗ ಏನಾಗುತ್ತದೆಂದು ಹೇಳುತ್ತೇನೆ. ಮೊದಲ ಸಾಲು ಜರ್ನಲ್ ಲೇಖನ. ಎರಡೂ ಕಡೆ ಚಂದಾ ಇದೆ. ಪಿಡಿಎಫ್ ಅನ್ನು ಕೋರ್ಸ್ ಪುಟಕ್ಕೆ ಏರಿಸಬೇಡಿ, ಡಿಒಐ (ಲೇಖನದ ಶಾಶ್ವತ ಗುರುತು ಸಂಖ್ಯೆ) ಕೊಂಡಿ ಕೊಡಿ, ಪ್ರತಿಯೊಬ್ಬರೂ ತಮ್ಮ ಗ್ರಂಥಾಲಯದ ಮೂಲಕ ಓದಲಿ. ಎರಡನೆಯದು ಇ-ಪುಸ್ತಕ. ಕ್ಯಾಟಲಾಗ್‌ನಲ್ಲಿ ‘ಲಭ್ಯ’ ಎಂದಿದೆ, ಆದರೆ ಲೈಸೆನ್ಸ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ನಿಯೋಜಿತ ಬರಹ ಒಪ್ಪಿಸುವ ಹಿಂದಿನ ರಾತ್ರಿ 60 ವಿದ್ಯಾರ್ಥಿಗಳು ಒಟ್ಟಿಗೆ ಬರುತ್ತಾರೆ. ಒಬ್ಬರಿಗೆ ಪುಸ್ತಕ, ಉಳಿದ 59 ಜನರಿಗೆ ‘ಬಳಕೆಯಲ್ಲಿದೆ, ನಂತರ ಪ್ರಯತ್ನಿಸಿ’. ಬೋಧಕರು ಇದನ್ನು ‘ಸರ್ವರ್ ತೊಂದರೆ’ ಎನ್ನುತ್ತಾರೆ. ಅಲ್ಲ, ಯಾರೂ ಮುಂಚೆ ಕೇಳಲಿಲ್ಲ. ಬಹುಬಳಕೆದಾರರ ಲೈಸೆನ್ಸ್ ಮಾರಾಟಕ್ಕಿದ್ದರೆ ಕೊಳ್ಳಬಹುದು. ಇಲ್ಲದಿದ್ದರೆ ಪುಸ್ತಕವನ್ನೇ ಬದಲಿಸಬೇಕು. ಕೆಲವು ಪಠ್ಯಪುಸ್ತಕಗಳ ಇ-ಪ್ರತಿಯನ್ನು ಪ್ರಕಾಶಕರು ಗ್ರಂಥಾಲಯಗಳಿಗೆ ಮಾರುವುದೇ ಇಲ್ಲ.

ಮೂರನೆಯದು ಈಗ ಅಚ್ಚಿನಲ್ಲಿಲ್ಲದ ಪುಸ್ತಕದ ಒಂದು ಅಧ್ಯಾಯ. ಇಲ್ಲಿ ಆಯಾ ದೇಶದ ಹಕ್ಕುಸ್ವಾಮ್ಯ ಕಾನೂನು ಅಡ್ಡ ಬರುತ್ತದೆ. ಬೋಧನೆಗೆ ವಿನಾಯಿತಿ ಬಹುತೇಕ ಎಲ್ಲೆಡೆ ಇದೆ, ಆದರೆ ಅದು ಗಡಿ ದಾಟುತ್ತದೆಂದು ಭಾವಿಸಬೇಡಿ. ಐರೋಪ್ಯ ಒಕ್ಕೂಟ 2019ರ ಹಕ್ಕುಸ್ವಾಮ್ಯ ನಿರ್ದೇಶನದ 5ನೇ ವಿಧಿಯಲ್ಲಿ ಈ ತೊಡಕನ್ನು ಬಿಡಿಸಿತು: ಪಾಠಕ್ಕಾಗಿ ಸುರಕ್ಷಿತ ಆನ್‌ಲೈನ್ ಪುಟದಲ್ಲಿ ಕೃತಿಯ ಭಾಗವನ್ನು ಹಾಕಿದರೆ, ಆ ಬಳಕೆ ಸಂಸ್ಥೆ ಇರುವ ಸದಸ್ಯ ದೇಶದಲ್ಲೇ ನಡೆಯಿತೆಂದು ಲೆಕ್ಕ. ಆದರೆ ಇದು ಒಕ್ಕೂಟದ ಸದಸ್ಯ ದೇಶಗಳ ನಡುವಿನ ಮಾತು. ಜೊತೆಗಾರರಲ್ಲಿ ಒಬ್ಬರು ಹೊರಗಿನವರಾದರೆ ಆ ನೆರಳು ಅಲ್ಲಿಗೆ ಚಾಚುವುದಿಲ್ಲ. ಆಗ ಉಳಿಯುವ ದಾರಿ ಅಂತರ-ಗ್ರಂಥಾಲಯ ಎರವಲು. ಅದೂ ಲೈಸೆನ್ಸ್ ಓದಿದ ಮೇಲೆ: ಮುದ್ರಿತ ಪ್ರತಿಯಿಂದ ಅಧ್ಯಾಯ ಕಳಿಸುವುದು ಸುಲಭ, ಇ-ಪ್ರತಿಯಿಂದ ಹೊರದೇಶಕ್ಕೆ ಕಳಿಸುವುದನ್ನು ಕೆಲವು ಲೈಸೆನ್ಸ್‌ಗಳು ತಡೆಯುತ್ತವೆ.

ಇಷ್ಟೆಲ್ಲ ತಾಪತ್ರಯ ಯಾಕೆ ಎನ್ನುವವರು ಮುಕ್ತ ಸಾಮಗ್ರಿಯಿಂದಲೇ ಕೋರ್ಸ್ ಕಟ್ಟಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಎಲ್ಲರಿಗೂ ತೆರೆಯುವುದಾಗಿ ಘೋಷಿಸಿದ್ದು 2001ರಲ್ಲಿ, ಯುನೆಸ್ಕೋ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕುರಿತ ಶಿಫಾರಸನ್ನು ಅಂಗೀಕರಿಸಿದ್ದು 2019ರಲ್ಲಿ. ಮುಕ್ತ ಜರ್ನಲ್‌ಗಳಿಗೆ ಡಿಒಎಜೆ, ಮುಕ್ತ ಪುಸ್ತಕಗಳಿಗೆ ಡಿಒಎಬಿ ಎಂಬ ಆನ್‌ಲೈನ್ ಸೂಚಿಗಳಿವೆ. ಮೊದಲು ಅಲ್ಲಿ ಹುಡುಕಿ, ಸಿಗದಿದ್ದರೆ ಮಾತ್ರ ಚಂದಾದ ಸಾಮಗ್ರಿಗೆ ಹೋಗಿ. ಬಹಳಷ್ಟು ಬೋಧಕರು ತಮ್ಮ ಹಳೆಯ ಪಟ್ಟಿಯನ್ನೇ ನಕಲು ಮಾಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಪ್ರಶ್ನೆ: ವಿಪಿಎನ್ ಹಾಕಿಕೊಂಡರೆ ಎಲ್ಲ ತೆರೆಯುತ್ತದಂತೆ?

ಉತ್ತರ: ತಾಣಕ್ಕೆ ನಿಮ್ಮ ದೇಶ ಬೇರೆಯಾಗಿ ಕಾಣುತ್ತದೆ, ನಿಮ್ಮ ಹಕ್ಕು ಬದಲಾಗುವುದಿಲ್ಲ.

ಪ್ರಶ್ನೆ: ಹಾಥಿಟ್ರಸ್ಟ್‌ನಲ್ಲಿ ಜೊತೆಗಾರ ವಿದ್ಯಾರ್ಥಿಗೆ ಪೂರ್ತಿ ಕಾಣುವ ಹಳೆಯ ಪುಸ್ತಕ ನನಗೆ ಕಾಣುತ್ತಿಲ್ಲ. ತಾರತಮ್ಯವಲ್ಲವೇ?

ಉತ್ತರ: ಅಲ್ಲ. 2008ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಕಟ್ಟಿದ ಡಿಜಿಟಲ್ ಪುಸ್ತಕ ಭಂಡಾರವದು. ಹಕ್ಕುಸ್ವಾಮ್ಯದ ಅವಧಿ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಅಮೆರಿಕದಲ್ಲಿ ತೆರೆದಿರುವ ಪುಸ್ತಕ ಬೇರೆಡೆ ಮುಚ್ಚಿರಬಹುದು.

ಪ್ರಶ್ನೆ: ನಮ್ಮಲ್ಲಿ ಮುದ್ರಿತ ಪುಸ್ತಕವಿದೆ. ಪೂರ್ತಿ ಸ್ಕ್ಯಾನ್ ಮಾಡಿ, ಒಂದು ಸಲಕ್ಕೆ ಒಬ್ಬರಿಗೆ ಎಂದು ಡಿಜಿಟಲ್ ಎರವಲು ಕೊಡಬಹುದೇ?

ಉತ್ತರ: ಅಮೆರಿಕದ ಡಿಜಿಟಲ್ ಗ್ರಂಥಾಲಯ ಇಂಟರ್ನೆಟ್ ಆರ್ಕೈವ್, ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ಇದೇ ವಾದ ಮುಂದಿಟ್ಟು 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಸೋತಿತು, 2024ರ ಮೇಲ್ಮನವಿಯಲ್ಲೂ ಸೋತಿತು. ಹಕ್ಕುದಾರರ ಅನುಮತಿಯಿಲ್ಲದೆ ಈ ದಾರಿ ಹಿಡಿಯಲು ನಾನಂತೂ ಹೇಳುವುದಿಲ್ಲ.

ಪ್ರಶ್ನೆ: ಸಣ್ಣ ಮೊತ್ತ ಕಟ್ಟಿದರೆ ಸಾವಿರಾರು ಜರ್ನಲ್‌ಗಳಿಗೆ ಆಜೀವ ಪ್ರವೇಶ ಕೊಡುತ್ತೇವೆಂದು ಏಜೆಂಟರೊಬ್ಬರು ಸಂದೇಶ ಕಳಿಸಿದ್ದಾರೆ.

ಉತ್ತರ: ಮೋಸ. ಕದ್ದ ಪಾಸ್‌ವರ್ಡ್ ಮಾರುತ್ತಿರುತ್ತಾರೆ, ಅಥವಾ ಮೊದಲೇ ಎಲ್ಲರಿಗೂ ಉಚಿತವಾಗಿರುವುದನ್ನು ಮಾರುತ್ತಿರುತ್ತಾರೆ. ಹಣ ಕಟ್ಟಬೇಡಿ, ಸಂದೇಶವನ್ನು ನಿಮ್ಮ ಗ್ರಂಥಾಲಯಕ್ಕೆ ಕಳಿಸಿ.

ಪ್ರಶ್ನೆ: ಮುಕ್ತ ಪಾಠವೊಂದನ್ನು ನಮ್ಮ ಭಾಷೆಗೆ ತಂದು ಕೋರ್ಸಿನಲ್ಲಿ ಹಾಕಬಹುದೇ?

ಉತ್ತರ: ಪಾಠದ ಮೇಲಿರುವ ಕ್ರಿಯೇಟಿವ್ ಕಾಮನ್ಸ್ (ಮುಕ್ತ ಬಳಕೆಯ ಲೈಸೆನ್ಸ್) ಗುರುತಿನಲ್ಲಿ ‘ಎನ್‌ಡಿ’, ಅಂದರೆ ಬದಲಾವಣೆ ಬೇಡ, ಎಂದಿದ್ದರೆ ಅನುವಾದವನ್ನು ಹಂಚುವಂತಿಲ್ಲ. ‘ಎಸ್‌ಎ’, ಅಂದರೆ ಹಾಗೆಯೇ ಹಂಚಿ, ಎಂದಿದ್ದರೆ ನಿಮ್ಮ ಅನುವಾದವೂ ಅದೇ ಷರತ್ತಿನಲ್ಲಿ ಹೊರಬರಬೇಕು.

ಪ್ರಶ್ನೆ: ನಮ್ಮ ಜಂಟಿ ಕೋರ್ಸಿನಲ್ಲಿ ದೃಷ್ಟಿದೋಷವಿರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಆಕೆಗೆ ಬೇಕಾದ ಪುಸ್ತಕದ ಬ್ರೈಲ್ ಕಡತ ಜೊತೆಗಾರ ವಿಶ್ವವಿದ್ಯಾಲಯದಲ್ಲಿದೆ. ಅದಕ್ಕೂ ಇಷ್ಟೇ ಅಡ್ಡಿಗಳಿವೆಯೇ?

ಉತ್ತರ: ಇಲ್ಲ, ಮತ್ತು ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಿತ್ತು. 2013ರಲ್ಲಿ ಮೊರಾಕ್ಕೊದ ಮರ್ರಾಕೆಶ್‌ನಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂದ ಒಡಂಬಡಿಕೆ ಇದಕ್ಕಾಗಿಯೇ ಇದೆ. ಎರಡೂ ದೇಶಗಳು ಅದಕ್ಕೆ ಸೇರಿದ್ದರೆ, ಮಾನ್ಯ ಸಂಸ್ಥೆಯೊಂದು ಬ್ರೈಲ್, ಧ್ವನಿ ಮುಂತಾದ ಓದಬಲ್ಲ ಪ್ರತಿಯನ್ನು ಗಡಿಯಾಚೆ ಕಳಿಸಬಹುದು. ಗ್ರಂಥಾಲಯಗಳು ಸಾಮಾನ್ಯವಾಗಿ ಆ ಮಾನ್ಯತೆಗೆ ಅರ್ಹ. ಕಾನೂನು ಅನುಕೂಲವಾಗಿದ್ದೂ, ಯಾರೂ ಕೇಳದ ಕಾರಣಕ್ಕೆ ಅದೇ ಪುಸ್ತಕವನ್ನು ಇನ್ನೊಂದು ಕಡೆ ಮೊದಲಿನಿಂದ ಟೈಪ್ ಮಾಡುವುದು ನೋಡಲಾಗದ ಸಂಗತಿ. ಓದುಪಟ್ಟಿ ಸಿದ್ಧವಾದ ದಿನವೇ ಎರಡೂ ಗ್ರಂಥಾಲಯಗಳಿಗೆ ಕಳಿಸಿ. ಕಡತ ಇಲ್ಲದಿದ್ದರೆ ತಯಾರಿಸಲು ವಾರಗಳೇ ಬೇಕು, ಸೂತ್ರಗಳು, ನಕ್ಷೆಗಳಿದ್ದರೆ ಇನ್ನೂ ಹೆಚ್ಚು.

ಪ್ರಶ್ನೆ: ಕೋರ್ಸ್ ಮುಗಿದ ಮೇಲೂ ಪ್ರವೇಶ ಇರುತ್ತದೆಯೇ?

ಉತ್ತರ: ಇರುವುದಿಲ್ಲ. ಬೇಕಾದ ಲೇಖನಗಳನ್ನು ನೋಂದಣಿ ಮುಗಿಯುವ ಮುಂಚೆ ಸ್ವಂತ ಓದಿಗೆ ಇಳಿಸಿಟ್ಟುಕೊಳ್ಳಿ, ಇಡೀ ಸಂಚಿಕೆಗಳನ್ನಲ್ಲ.